ಚೆನ್ನಪ್ಪನವರು ಕಣ್ಣಾರೆ ಕಂಡಿರಲಿಲ್ಲ

ನಂಜಮ್ಮನವರೇ, ಸಮುದ್ರದಾಚೆಯ ಆ ಕೋರ್ಟಿನಲ್ಲಿ ನಿಮ್ಮ ಯಜಮಾನರಾದ ಚೆನ್ನಪ್ಪನವರ ಸಾಕ್ಷಿಯನ್ನು ಗಟ್ಟಿಯಾಗಿ ಓದಿದರು ಎಂದು ನಾನು ಹೇಳಿದ್ದು ಸುಳ್ಳು. ಓದಲಿಲ್ಲ. ಓದದಂತೆ ಮಾಡಿದವನು ನಾನೇ.

ಮೊನ್ನೆ ಶುಕ್ರವಾರ ನೀವು ಅಂಗಡಿಗೆ ಬಂದು, "ಸೋಮಯ್ಯನ ತಾಯಿ ಇನ್ನು ಬಾಳಾ ದಿನ ಇರಲ್ಲ ಅನ್ಸತ್ತೆ, ರುದ್ರಪ್ಪನೋರೇ. ಕೋರ್ಟಲ್ಲಿ ಓದಿದ್ರಲ್ಲ, ಆ ಕಾಗದದ್ದೊಂದು ನಕಲು ತರಿಸ್ಕೊಡಿ. ಆಯಮ್ಮನ ಕಿವಿಗೆ ಒಂದ್ಸಲ ಬೀಳ್ಲಿ" ಎಂದಿರಿ. ಅಂದಿನಿಂದ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೆ ನೀವೇ ಯಾರನ್ನೋ ಕಳಿಸಿದಿರೇನೋ ಎಂದು ಬಾಗಿಲ ಕಡೆ ನೋಡುತ್ತೇನೆ.

ಜಯನಗರದಲ್ಲಿ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ಕಾಲ ನಿಮಗೆ ನೆನಪಿದೆ. ಒಂದು ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ, ಕ್ರಯಪತ್ರ ಬರೆದು ನಾನು ಮೇಲೆ ಬಂದವನು. ಗಡಿ ತಕರಾರಿನ ಸಾಕ್ಷಿಗಳಿಗೆಲ್ಲ ನಾನು ಹೇಳಿಕೊಡುತ್ತಿದ್ದ ಪಾಠ ಒಂದೇ — ಯಾರೋ ಹೇಳಿದರು ಅನ್ನಬೇಡ, ಕಲ್ಲು ನೆಟ್ಟದ್ದನ್ನು ಕಣ್ಣಾರೆ ಕಂಡೆ ಅನ್ನು. ಅರ್ಜಿ ಅಂದಮೇಲೆ ಒಂದು ಹಿಡಿ ಹೆಚ್ಚೇ ಕೇಳಬೇಕು, ಅವರು ಕಡಿಮೆ ಮಾಡಿಯೇ ಕೊಡುತ್ತಾರೆ. ಈ ಲೆಕ್ಕಾಚಾರ ಇಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆಗ ಚೆನ್ನಪ್ಪನವರು ಒಂದು ಇಂಗ್ಲಿಷ್ ಕಾಗದ ಹಿಡಿದು ಬಂದರು. ಯುದ್ಧದಲ್ಲಿ ಜಪಾನಿಯರಿಗೆ ಸೆರೆಸಿಕ್ಕು ಅವರು ದುಡಿದ ದ್ವೀಪದ ಶಿಬಿರ — ಅದರ ಅಧಿಕಾರಿಯ ಮೇಲೆ ವಿಚಾರಣೆ ನಡೆಯುತ್ತಿದೆ, ನಿಮಗೆ ತಿಳಿದದ್ದನ್ನು ಪ್ರಮಾಣ ಮಾಡಿ ಬರೆದು ಕಳಿಸಿ ಎಂದು ಅದರಲ್ಲಿತ್ತು. ನಾನು ಕೇಳಿದ ಮೊದಲ ಮಾತು, "ಇದ್ರಿಂದ ನಿಮಗೇನು ಸಿಗತ್ತಣ್ಣ?"

"ನಂಗೇನೂ ಬೇಡಪ್ಪ. ನನ್ಜೊತೆ ಸೆರೆ ಸಿಕ್ಕಿ ಅಲ್ಲೇ ಸತ್ತ ಸೋಮಯ್ಯನ ಹೆಸರು ಆ ಕೋರ್ಟಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕು. ಅಷ್ಟೇ."

ಅವರು ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಗುರುತು ಹಾಕಿಕೊಂಡೆ. ಜ್ವರ ಬಂದು ಅವರು ರೋಗಿಗಳ ಗುಡಿಸಿಲಿನಲ್ಲಿ ಮಲಗಿದ್ದಾಗ, ತೆಂಗಿನ ಗರಿಯ ಗೋಡೆಯ ಆಚೆ ಸೋಮಯ್ಯನನ್ನು ಕಂಬಕ್ಕೆ ಕಟ್ಟಿ ಹೊಡೆದದ್ದು. ಅವನು ಅಮ್ಮಾ ಎಂದು ಕೂಗಿದ್ದು. ಅಧಿಕಾರಿಯ ದನಿ. ಆಮೇಲೆ ಏನೂ ಕೇಳಿಸದೆ ಹೋದದ್ದು... ಎದ್ದು ಹೋಗಲು ಕಾಲು ಬರಲಿಲ್ಲ ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ.

ನಾನು ಟೈಪ್ ಮಾಡಿದ್ದು ಬೇರೆ. ಅವರು ಅಂಗಳದಲ್ಲೇ ನಿಂತಿದ್ದರು, ಕಣ್ಣಾರೆ ಕಂಡರು. ಕಿವಿಯ ಸಾಕ್ಷಿಗೆ ಯಾವ ಕೋರ್ಟು ಬೆಲೆ ಕೊಡುತ್ತದೆ? ಗಟ್ಟಿ ಮಾಡುತ್ತಿದ್ದೇನೆ ಅಂದುಕೊಂಡೆ. ಮ್ಯಾಜಿಸ್ಟ್ರೇಟರ ಮುಂದೆ ಸಹಿ ಹಾಕುವ ಮೊದಲು ಅವರು ನನ್ನ ಕಡೆ ತಿರುಗಿ, "ನಾನು ಹೇಳಿದ್ದೇ ತಾನೇನಪ್ಪ?" ಎಂದರು.

"ಒಂದಕ್ಷರ ಆಚೀಚೆ ಇಲ್ಲಣ್ಣ."

ನಿಮ್ಮ ಬೀದಿಗೆ ಆಗಿನ್ನೂ ಮನೆ ನಂಬರು ಬಿದ್ದಿರಲಿಲ್ಲ, ವಿಳಾಸ ನನ್ನ ಅಂಗಡಿಯದೇ ಕೊಟ್ಟಿದ್ದೆ. ಕೋರ್ಟಿನ ಎರಡನೆಯ ಕಾಗದ ಅಲ್ಲಿಗೇ ಬಂತು — ಶಿಬಿರದ ಪುಸ್ತಕದ ಪ್ರಕಾರ ಆ ದಿನ ಸಾಕ್ಷಿದಾರರು ರೋಗಿಗಳ ಗುಡಿಸಿಲಿನಲ್ಲಿದ್ದರು ಎಂದು ಅಧಿಕಾರಿಯ ವಕೀಲರು ತೋರಿಸಿದ್ದಾರೆ. ಕಂಡದ್ದೇನು, ಕೇಳಿಸಿಕೊಂಡದ್ದೇನು, ಬಿಡಿಸಿ ಬರೆಯಿರಿ. ಕೇಳಿಸಿಕೊಂಡದ್ದನ್ನೂ ನ್ಯಾಯಾಲಯ ಪರಿಗಣಿಸುತ್ತದೆ. ಉತ್ತರ ಬಾರದಿದ್ದರೆ ಹೇಳಿಕೆಯನ್ನು ಕೈಬಿಡಲಾಗುವುದು.

ಕೇಳಿಸಿಕೊಂಡದ್ದೇ ಸಾಕಾಗಿತ್ತು, ನಂಜಮ್ಮನವರೇ. ಅವರು ಹೇಳಿದ ಹಾಗೆಯೇ ಬರೆದಿದ್ದರೆ ಆ ಪುಸ್ತಕವೇ ಅವರ ಪರ ಸಾಕ್ಷಿ ಹೇಳುತ್ತಿತ್ತು.

ಹೆದರಿದೆ. ಸುಳ್ಳು ಪ್ರಮಾಣ ಬರೆಸಿದವನೆಂದು ನನ್ನನ್ನು ಹಿಡಿದರೆ? ಕಟ್ಟಿಕೊಂಡ ಹೆಸರು, ಗಿರಾಕಿಗಳು — ಉತ್ತರ ಬರೆಯಲಿಲ್ಲ, ಅವರಿಗೆ ತೋರಿಸಲೂ ಇಲ್ಲ. ವಾಯಿದೆ ದಾಟಿತು. ಚೆನ್ನಪ್ಪನವರು ದಿನವೂ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. "ಓದಿದ್ರಂತಾ?" ಒಂದು ದಿನ ತಡೆಯಲಾಗದೆ, "ಓದಿದ್ರಂತೆ ಅಣ್ಣ, ಸೋಮಯ್ಯನ ಹೆಸರು ಕೂಗಿ ಹೇಳಿದ್ರಂತೆ" ಎಂದುಬಿಟ್ಟೆ. ಅವರು ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅಲ್ಲಿಂದಲೇ ಸಾರಕ್ಕಿಗೆ ನಡೆದುಕೊಂಡು ಹೋಗಿ ಸೋಮಯ್ಯನ ತಾಯಿಗೆ ಹೇಳಿ ಬಂದರು. ಅದನ್ನೇ ನಂಬಿಕೊಂಡು ಹೋದ ವರ್ಷ ತೀರಿಕೊಂಡರು.

ಆ ಅಧಿಕಾರಿಗೆ ಶಿಕ್ಷೆಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಧೈರ್ಯ ಬರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಶುಕ್ರವಾರ ನೀವು ಹೋದಮೇಲೆ ಟೈಪ್‌ರೈಟರಿಗೆ ಹಾಳೆ ಏರಿಸಿದೆ. ನಕಲು ತಾನೇ — ಕೋರ್ಟಿನ ಹೆಸರು, ಒಂದು ಮೊಹರು. ಮೊಹರು ಕೆತ್ತುವವನು ಚಿಕ್ಕಪೇಟೆಯಲ್ಲಿ ನನಗೆ ಗೊತ್ತು. ಎರಡು ಸಾಲು ಹೊಡೆದೂ ಇದ್ದೆ. ಮೂರನೆಯ ಸಾಲಿನಲ್ಲಿ 'ಕಣ್ಣಾರೆ' ಎಂದು ಬರಬೇಕಿತ್ತು... ಬೆರಳು ಏಳಲಿಲ್ಲ.

ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಪೆಟ್ಟುತಿಂದವನು ಬಾಯಿ ತೆರೆದಾಗ ಬರೆದುಕೊಳ್ಳುವವನು ಬಾಯಿ ಮುಚ್ಚಿಕೊಂಡಿರಬೇಕು ಎಂಬ ಬುದ್ಧಿಯೊಂದು ನನಗೇ ಇರಲಿಲ್ಲ.

ಕೋರ್ಟಿನ ಕಾಗದವೂ, ಅಂದು ನಾನು ಕನ್ನಡದಲ್ಲಿ ಗುರುತು ಹಾಕಿಕೊಂಡ ಹಾಳೆಗಳೂ ಹದಿನೈದು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿವೆ. ಭಾನುವಾರ ಬೆಳಿಗ್ಗೆ ಎರಡನ್ನೂ ತೆಗೆದುಕೊಂಡು ಸಾರಕ್ಕಿಗೆ ಬರುತ್ತೇನೆ, ನೀವೂ ಅಲ್ಲಿಗೆ ಬನ್ನಿ. ಆ ತಾಯಿಯ ಮುಂದೆ ಮೊದಲು ನನ್ನ ಸುಳ್ಳನ್ನು ಹೇಳುತ್ತೇನೆ. ಆಮೇಲೂ ಆಕೆ ನನ್ನನ್ನು ಹೊಸ್ತಿಲೊಳಗೆ ಬಿಟ್ಟರೆ, ಚೆನ್ನಪ್ಪನವರು ಹೇಳಿದ್ದನ್ನು ಓದುತ್ತೇನೆ. ಬಿಡದಿದ್ದರೆ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ, ನೀವು ಓದಿ.