ಖೋ ಖೋ ಕೋಚ್‌ಗೆ ಹೊಡೆದ ಸೀಟಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಕೊನೆಗೆ ಮಾತನ್ನು ಸಿನಿಮಾ ಕಡೆಗೆ ತಿರುಗಿಸಿ ತಪ್ಪಿಸಿಕೊಂಡಿದ್ದೇನೆ. ಈ ಸಲವೂ ಸಿನಿಮಾದಿಂದಲೇ ಶುರುಮಾಡುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಒಬ್ಬರಿಗೆ ನಾನು ‘ತಪ್ಪಾಯಿತು’ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಕುರುಗೋಡಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ನಾನು ಒಬ್ಬ ಫೈಟಿಂಗ್ ಹೀರೋನ ಅಭಿಮಾನಿ. ಅವನ ಚಿತ್ರ ಬಂತೆಂದರೆ ಅಂಗಡಿ ಮುಚ್ಚಿ, ಹೆಂಡತಿಯನ್ನು ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತುತ್ತಿದ್ದೆ. ಜನ ಅವನ ಹೊಡೆದಾಟಕ್ಕೆ ಕಾಗದದ ಚೂರು ಹಾರಿಸುತ್ತಿದ್ದರು. ನನಗೆ ಮಾತ್ರ ಅವನು ಆಟಗಾರನಾಗಿ ಬಂದಾಗಲೇ ಹೆಚ್ಚು ಇಷ್ಟ. ಹೊಡೆದಾಟದಲ್ಲಿ ಅವನ ಅಂಗಿಯ ಇಸ್ತ್ರಿಯೂ ಕೆಡುವುದಿಲ್ಲ. ಮೈದಾನಕ್ಕಿಳಿದರೆ ಬೇರೆಯೇ ಮನುಷ್ಯ. ಬಾಕ್ಸರ್ ಆಗಿದ್ದ ಚಿತ್ರದಲ್ಲಿ ಸೋತು ಬಂದು, ಕೈಗೆ ಸುತ್ತಿದ ಪಟ್ಟಿಯನ್ನು ಹಲ್ಲಿನಿಂದ ಬಿಚ್ಚುತ್ತಾ ಬೆಂಚಿನ ಮೇಲೆ ಕೂರುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ. ಆಮೇಲೆ ಎದ್ದು ಹೋಗಿ ಗೆದ್ದವನ ಕೈ ಕುಲುಕುತ್ತಾನೆ. ಸೋಲಲು ಬಲ್ಲ ಹೀರೋ ಎಂದರೆ ನನಗೆ ಅವನೊಬ್ಬನೇ.

ಪಕ್ಕದ ಸೀಟಿನಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಒಗ್ಗರಣೆ ಮಂಡಕ್ಕಿಯ ಸ್ಟೀಲ್ ಡಬ್ಬಿ. ಸಿರುಗುಪ್ಪದ ಶಾಲೆಯಲ್ಲಿ ಓದುವಾಗ ಅವಳು ಖೋ ಖೋ ಆಡಿದವಳು. ಹೀರೋ ಕಾಲೇಜು ಹುಡುಗನಾಗಿ ಖೋ ಖೋ ಆಡಿದ ದೃಶ್ಯಕ್ಕೆ ನಾನು ಸೀಟಿ ಹೊಡೆದಾಗ ನನ್ನ ತೋಳು ಜಗ್ಗಿದಳು.

“ಸುಮ್ನ ಕೂಡ್ರಿ. ಹಿಂದಿನವ ಬೆನ್ನು ಮುಟ್ಟೇ ಇಲ್ಲ, ನಿಮ್ಮ ಹೀರೋ ಎದ್ದು ಓಡ್ಯಾನ. ಫೌಲ್ ಅದು.”

“ಹೀರೋಗ ಫೌಲ್ ಕೊಡಾಕ ಯಾರಿಗೆ ಧೈರ್ಯ ಐತಿ?”

“ನಾ ಕೊಡ್ತೀನಿ. ಮಂಡಕ್ಕಿ ತಿನ್ರಿ.”

ಮಗಳು ಹೈಸ್ಕೂಲಿಗೆ ಬಂದಾಗ ಖೋ ಖೋ ತಂಡ ಸೇರಿದಳು. ನಾನು ಬೇಡವೆಂದೆ. ಬೆಳೆದ ಹುಡುಗಿ ಚಡ್ಡಿ ಹಾಕಿಕೊಂಡು ಊರೂರು ತಿರುಗುವುದು ನನಗೆ ಹಿಡಿಸಲಿಲ್ಲ. ಅದೇ ವರ್ಷ ನನ್ನ ಹೀರೋ ಹುಡುಗಿಯರ ಖೋ ಖೋ ತಂಡದ ಕೋಚ್ ಆಗಿ ನಟಿಸಿದ. ಬಿಡುಗಡೆಯ ದಿನ ಹೆಂಡತಿ, “ಮಗಳ್ನ ಕರ್ಕೊಂಡು ತವರಮನಿಗೆ ಹೋಗಿಬರ್ತೀನ್ರಿ” ಎಂದಳು. ನಾನೊಬ್ಬನೇ ಬಳ್ಳಾರಿಗೆ ಹೋದೆ.

ಆ ಚಿತ್ರದಲ್ಲಿ ಒಬ್ಬ ಅಪ್ಪ ಮಗಳನ್ನು ಆಟಕ್ಕೆ ಕಳಿಸುವುದಿಲ್ಲ. ಹೀರೋ ಕೈ ಎತ್ತುವುದಿಲ್ಲ. ಆ ಅಪ್ಪನ ಮನೆಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಸುಮ್ಮನೆ ಕೂತುಬಿಡುತ್ತಾನೆ. ಎಂಥ ನಟನೆ ಅದು! ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಸೀಟಿ ಹೊಡೆದು, ಪರದೆಯ ಮೇಲಿನ ಆ ಅಪ್ಪನಿಗೆ “ಕಳಿಸೋ ಲೇ, ಮಗಳ್ನ!” ಎಂದು ಕೂಗಿದೆ.

ಸಂಜೆ ಕುರುಗೋಡಿನಲ್ಲಿ ಬಸ್ಸಿಳಿದಾಗ ಚಹಾದಂಗಡಿಯವನು ಕರೆದ. “ಏನಣ್ಣಾ, ಸಿರುಗುಪ್ಪದ ಪಂದ್ಯದಾಗ ನಿನ್ನ ಮಗಳು ಯಾರ ಕೈಗೂ ಸಿಗಲಿಲ್ಲಂತ! ಮಿಠಾಯಿ ತರಿಸು.”

ತವರುಮನೆಯ ನೆಪ ಯಾಕೆಂದು ಆಗ ತಿಳಿಯಿತು. ಮನೆಗೆ ಹೋದವನೇ ಹೆಂಡತಿಯ ಮೇಲೆ ಹರಿಹಾಯ್ದೆ. ಓಣಿಯವರು ಬಾಗಿಲಿಗೆ ಬಂದು ನಿಲ್ಲುವಷ್ಟು ಕೂಗಾಡಿದೆ. ಅವಳೇ ಕೈಯಾರೆ ಮಗಳಿಗೆ ಹೊಲಿದುಕೊಟ್ಟಿದ್ದ ಆಟದ ಚಡ್ಡಿಯನ್ನು ನೀರೊಲೆಗೆ ಹಾಕಿದೆ. ಅವಳು ಅಳಲಿಲ್ಲ.

“ಪಿಚ್ಚರ್‌ನಾಗಾದ್ರ ಸೀಟಿ ಹೊಡಿತೀರಿ” ಎಂದಳು, ಅಷ್ಟೇ.

ಮಗಳು ಮತ್ತೆ ಆಡಲಿಲ್ಲ. ಹೆಂಡತಿ ಮತ್ತೆ ನನ್ನ ಜೊತೆ ಸಿನಿಮಾಕ್ಕೆ ಬರಲಿಲ್ಲ. ಮಂಡಕ್ಕಿಯ ಡಬ್ಬಿ ಮಾತ್ರ ಪ್ರತಿ ಸಲ ತುಂಬಿಸಿ ಕೈಗೆ ಕೊಡುತ್ತಿದ್ದಳು. ನಾನು “ಬರ್ತಿಯೇನು?” ಅನ್ನುತ್ತಿದ್ದೆ. ಅವಳು “ನೀವ ಹೋಗಿಬರ್ರಿ” ಅನ್ನುತ್ತಿದ್ದಳು. ಅಲ್ಲಿ ಇನ್ನೊಂದು ಮಾತು ಆಡುವುದಕ್ಕೆ ಜಾಗವಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಿದ್ದೆ. ಥಿಯೇಟರಿನ ಕತ್ತಲಲ್ಲಿ ತೋಳು ಜಗ್ಗುವವರಿಲ್ಲದೆ ಸೀಟಿ ಹೊಡೆಯುವ ಉಮೇದೂ ಹೋಯಿತು.

ಹೋದ ವರ್ಷ ಅವಳು ತೀರಿಕೊಂಡಳು. ಮೊನ್ನೆ, ಬಳ್ಳಾರಿಯ ಗಾಂಧಿನಗರದಲ್ಲಿರುವ ಮಗಳು ನನ್ನನ್ನು ಅವನ ಹೊಸ ಚಿತ್ರಕ್ಕೆ ಕರೆದೊಯ್ದಳು. ಹೀರೋಗೂ ವಯಸ್ಸಾಗಿದೆ. ಈಗ ಅವನು ಮತ್ತೆ ಖೋ ಖೋ ಕೋಚ್, ಆದರೆ ಮಂಡಿನೋವಿನ ಮುದುಕ. ಓಡುವುದಿಲ್ಲ, ಗೆರೆಯಾಚೆ ನಿಂತು ಹುಡುಗಿಯರು ಓಡುವುದನ್ನು ನೋಡುತ್ತಾನೆ. ಆ ನೋಟ ಕಂಡೇ ನನಗೆ ಧೈರ್ಯ ಬಂತೇನೋ. ಇಂಟರ್‌ವಲ್‌ನಲ್ಲಿ ಮಗಳಿಗೆ, “ನಿನ್ನ ಆಟ ನಾ ಬಿಡಿಸಿದೆ. ತಪ್ಪಾತು, ಮಗಳ” ಎಂದೆ.

ಅವಳು ಪಾಪ್‌ಕಾರ್ನ್ ನನ್ನ ಕಡೆ ಸರಿಸಿದಳು. “ನನ್ನದು ಬಿಡಪ್ಪಾ. ಆವತ್ತು ಪಂದ್ಯ ಮುಗಿಸಿ ಬಸ್ಸಿನಾಗ ಬರುವಾಗ ಅವ್ವ ಏನಂದಿದ್ಲು ಗೊತ್ತೇನು? ‘ಬರೋ ಐತಾರ ಮೂವರೂ ಕೂಡಿ ಆ ಪಿಚ್ಚರ್‌ಗೆ ಹೋಗೂಣು. ಅದನ್ನ ನೋಡ್ಕೊಂತ ನಿಮ್ಮಪ್ಪ ನಿನ್ನ ಆಟಕ್ಕ ಬ್ಯಾಡ ಹೆಂಗ ಅಂತಾರ ನೋಡೂಣು’ ಅಂದಿದ್ಲು.”

ದೀಪ ಆರಿತು. ನನ್ನ ಎಡಗಡೆಯ ಸೀಟು ಖಾಲಿಯಿತ್ತು. ಪರದೆಯ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಹಿಂದಿನಿಂದ ಯಾರಾದರೂ ಬೆನ್ನು ಮುಟ್ಟಿ ಖೋ ಅನ್ನುವ ತನಕ ಏಳುವಂತಿಲ್ಲ. ಅಷ್ಟು ವರ್ಷ ಹಾಗೆ ಕೂತಿದ್ದವಳು, ನನ್ನ ಬಾಯಿಂದ ‘ತಪ್ಪಾಯಿತು’ ಎಂಬ ಮಾತನ್ನು ಒಮ್ಮೆಯೂ ಕೇಳದೆ ಹೋದವಳು, ನನ್ನ ಹೆಂಡತಿ.