ಕೇಳಿದ್ದು ಟೀಚರನ್ನು, ಹೇಳಿದ್ದು ನಾನು

ಮೊನ್ನೆ ನನ್ನ ಅಂಗಡಿಗೆ ಬಂದ ಹುಡುಗಿಯೊಬ್ಬಳು ಮೆತ್ತನೆಯ ವಾಯಲ್ ಬಟ್ಟೆ ಕೊಟ್ಟು, ರವಿಕೆಗೆ ಮಣಿಕಟ್ಟಿನವರೆಗೆ ತೋಳಿಡಿ ಅಂದಳು. ಈಗ ಅದೇ ಫ್ಯಾಶನ್ನಂತೆ. ಅಳತೆ ಟೇಪು ಹಿಡಿದವಳು ಹಾಗೇ ನಿಂತುಬಿಟ್ಟೆ. ಇಂಥದೇ ಬಟ್ಟೆಯಲ್ಲಿ, ಇಷ್ಟೇ ಉದ್ದದ ತೋಳಿಟ್ಟು, ಕಡುಬೇಸಿಗೆಯಲ್ಲಿ ನಾನೇ ಮೂರು ರವಿಕೆ ಹೊಲಿದುಕೊಟ್ಟಿದ್ದೆ... ನನ್ನ ಹೊಲಿಗೆ ಟೀಚರ್‌ಗೆ.

ಹರಿಹರದ ಅವರ ಮನೆಯ ಪಡಸಾಲೆಯಲ್ಲೇ ನಾನು ಕತ್ತರಿ ಹಿಡಿಯಲು ಕಲಿತದ್ದು. ಟೀಚರ್ ತಮ್ಮನ ಸಂಸಾರದ ಜೊತೆಗಿದ್ದರು. "ಬಾಯಿ ಮುಚ್ಚಿ ಮಷಿನ್ ತುಳಿಯೇ, ದಾರ ಹರೀತೈತೆ" ಎಂದು ನನ್ನನ್ನು ರೇಗಿಸುತ್ತಿದ್ದರು. ದಾವಣಗೆರೆಯಲ್ಲಿ ನಾನು ಅಂಗಡಿ ಇಟ್ಟಾಗ ತಮ್ಮ ಗಿರಾಕಿಗಳನ್ನೇ ನನ್ನತ್ತ ಕಳಿಸಿದರು.

ನಾಲ್ಕು ವರ್ಷದ ಹಿಂದೆ ಅವರ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಆಳಿಗೊಂದು ಪಥ್ಯ ಹೇಳಿದೆವು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದು ಪಿತ್ತನಾಳದ ಕ್ಯಾನ್ಸರ್, ಹರಡಿಬಿಟ್ಟಿದೆ ಎಂದರು. ನಾಳದಲ್ಲಿ ಸಣ್ಣ ಕೊಳವೆ ಇಟ್ಟರೂ ಹಳದಿ ಪೂರ್ತಿ ಇಳಿಯಲಿಲ್ಲ. "ವಾಸಿ ಮಾಡಾಕೆ ಆಗಲ್ಲ. ಇರೋವಷ್ಟು ದಿನ ತ್ರಾಸಿಲ್ದಂಗೆ ನೋಡ್ಕೋಬಹುದು. ಏನೇ ತೊಂದ್ರೆ ಇದ್ರೂ ಹೇಳ್ರಿ" ಎಂದಿದ್ದರು ಡಾಕ್ಟರಮ್ಮ. ತಮ್ಮನಿಗೆ ಫ್ಯಾಕ್ಟರಿಯ ಪಾಳಿ. ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನಾನೇ ಒಪ್ಪಿಕೊಂಡೆ. ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇತ್ತು.

ಅವರನ್ನು ನೋವಿಗಿಂತ ಹೆಚ್ಚಾಗಿ ಕಾಡಿದ್ದು ತುರಿಕೆ. ಅಂಗೈ, ಅಂಗಾಲು, ತೋಳು... ಕೆರೆದು ಕೆರೆದು ರಕ್ತ ಬರುತ್ತಿತ್ತು. ಆ ಗೀರುಗಳು ಕಾಣದಿರಲೆಂದೇ ಉದ್ದ ತೋಳಿನ ರವಿಕೆ. ಬೇವಿನ ಎಲೆ ಕುದಿಸಿ ಸ್ನಾನ ಮಾಡಿಸಿದರೂ ತಣಿಯಲಿಲ್ಲ. ಕಾಮಾಲೆಯಿಂದಲೇ ಹಾಗಾಗುತ್ತದೆಂದು ನಮಗೆ ಗೊತ್ತಿರಲಿಲ್ಲ. ಅದು ಬೇರೆಯೇ ಚರ್ಮದ ಕಾಯಿಲೆ ಎಂದುಕೊಂಡಿದ್ದೆವು.

ಒಂದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವರು ಕೆರೆದುಕೊಳ್ಳುತ್ತಿದ್ದಾಗ ಪಕ್ಕದ ಹೆಂಗಸು ಸೆರಗು ಎಳೆದುಕೊಂಡು, "ಕಜ್ಜಿ ಐತೇನ್ರಿ? ಇಲ್ಲಿ ಮಕ್ಳು ಕುಂತಾವೆ, ಆ ಕಡಿ ಕೂಡ್ರಿ" ಎಂದಳು. ಆಕೆ ನನ್ನ ಅಂಗಡಿಯ ಗಿರಾಕಿ. ನನಗೆ ತಲೆ ಎತ್ತಲಾಗಲಿಲ್ಲ. ನಮ್ಮ ಸರದಿ ಬಂದು ಒಳಗೆ ಹೋದರೆ, ಮುಂದಿನ ಚೀಟಿ ಹಿಡಿದು ಆಕೆಯೂ ಬಾಗಿಲಲ್ಲೇ ನಿಂತಿದ್ದಳು. "ಮೈ ತುರಿಕೆ ಐತೇನ್ರಿ?" ಎಂದು ಡಾಕ್ಟರಮ್ಮ ಟೀಚರನ್ನು ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಇಲ್ರಿ, ಅಂಥಾದ್ದೇನಿಲ್ಲ" ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ! ಟೀಚರ್ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು.

ಮತ್ತೆ ಹೋದದ್ದು ಮೂರು ವಾರದ ಮೇಲೆ. ಅಷ್ಟೂ ದಿನ ಅವರು ಸರಿಯಾಗಿ ಮಲಗಲಿಲ್ಲ. ಆ ಸಲ ರಕ್ತ ತೆಗೆಯಲು ನರ್ಸ್ ರವಿಕೆಯ ತೋಳು ಮೇಲಕ್ಕೆ ಮಡಚಿದಾಗ ಎಲ್ಲ ಬಯಲಾಯಿತು. "ಹೋದ್ಸಲ ಕೇಳಿದ್ನಲ್ರಿ, ಯಾಕ ಹೇಳ್ಲಿಲ್ಲ? ಇದಕ್ಕೆ ಔಷಧಿ ಐತಲ್ಲ!" ಎಂದು ಡಾಕ್ಟರಮ್ಮ ಸಿಟ್ಟಾದರು. ಟೀಚರೇ ಮೆಲ್ಲಗೆ, "ನಾನೇ ಹೇಳಬ್ಯಾಡ ಅಂದಿದ್ದೆರೀ. ಪಾಪ, ಆಕಿದೇನೂ ತಪ್ಪಿಲ್ಲ" ಅಂದರು.

ನೀರಿಗೆ ಕಲಸಿ ಕುಡಿಯುವ ಒಂದು ಪುಡಿ, ಜೊತೆಗೊಂದು ಮಾತ್ರೆ. ಅಷ್ಟೇ. ವಾರದೊಳಗೆ ತುರಿಕೆ ಎಷ್ಟೋ ತಗ್ಗಿತು. ಒಂದು ಮಧ್ಯಾಹ್ನ ಹರಿಹರಕ್ಕೆ ಹೋದಾಗ ಗಾಢ ನಿದ್ದೆಯಲ್ಲಿದ್ದರು. ಎದ್ದವರೇ, "ಇಷ್ಟು ಸಲೀಸಿತ್ತೇನೇ ಇದು?" ಎಂದು ನಕ್ಕರು. ಆ ಮಾತಿನಲ್ಲಿ ಕೊಂಕಿರಲಿಲ್ಲ... ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ಅವರು ಬದುಕಿದ್ದು ಒಂದೇ ತಿಂಗಳು. ಇದ್ದ ಸ್ವಲ್ಪ ದಿನಗಳಲ್ಲಿ ಮೂರು ವಾರ ನಾನು ಹಾಳು ಮಾಡಿದ್ದೆ, ಒಬ್ಬ ಗಿರಾಕಿ ಏನಂದುಕೊಂಡಾಳೋ ಎಂಬ ನಾಚಿಕೆಗೆ.

ಹೋದ ವಾರ ಹರಿಹರದ ಸ್ಟೇಷನ್ನಿನಲ್ಲಿ ಟೀಚರ ತಮ್ಮ ಸಿಕ್ಕಿದ್ದರು. ಜನರ ನಡುವೆಯೇ ಕೈಮುಗಿದು, "ಅಕ್ಕಗೆ ನೀವು ಮಾಡಿದಷ್ಟು ಸ್ವಂತ ತಮ್ಮ ನಾನೂ ಮಾಡ್ಲಿಲ್ಲಮ್ಮ" ಎಂದರು. ಅವರ ಕಣ್ಣು ತುಂಬಿತ್ತು. ಆಗಲಾದರೂ ನಿಜ ಹೇಳಬೇಕಿತ್ತು. ನಾನೂ ಕೈಮುಗಿದೆ.