ಹಿಮ್ಮಡಿಯ ಹುರಿ

ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿ ಕೋಳಿಮರಿಯ ಕಾಲಿನಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಕೆ.ಆರ್. ಪುರದಾಚೆಯ ಹ್ಯಾಚರಿಯಿಂದ ಮೊಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಹದೇವಪುರದ ನೀರು ನಿಂತ ರಸ್ತೆಯಲ್ಲಿ ಆಟೋ ಕುಲುಕಿದಾಗಲೆಲ್ಲ ಉಸಿರು ಬಿಗಿಹಿಡಿದು ಲ್ಯಾಬಿಗೆ ತರುತ್ತಿದ್ದೆ. ಮೊಟ್ಟೆಯೊಳಗಿನ ಮರಿಯಲ್ಲಿ ಹುರಿಯನ್ನು ಹೆಣೆಯುವ ಕೊಲಾಜನ್ ಪ್ರೋಟೀನಿನ ಎಳೆಗಳು ಮೊದಲು ಗಿಡ್ಡಗೆ, ತೆಳ್ಳಗೆ ಇರುತ್ತವೆ. ಮರಿ ಹೊರಬರುವ ಕಾಲಕ್ಕೆ ಒಂದಕ್ಕೊಂದು ಕೂಡಿ ಉದ್ದವಾಗಿ, ದಪ್ಪವಾಗುತ್ತವೆ. ಎಳೆಗಳು ಕೂಡದಂತೆ ತಡೆಯುವ ಪುಟ್ಟ ಪ್ರೋಟೀನೊಂದಿದೆ. ಅದರ ಜೀನ್‌ನ ಕೆಲಸ ಸರಿಯಾಗಿ ಆ ಹೊತ್ತಿಗೇ ಇಳಿದುಬಿಡುವುದನ್ನು ನಾನು ಕಂಡುಕೊಂಡೆ.

ಪ್ರಬಂಧ ಅಚ್ಚಾದಾಗ ಮೊದಲ ಹೆಸರು ನನ್ನ ಗೈಡ್‌ದು. ಎರಡನೆಯದು ಅವರ ಅಳಿಯನದು. ಅವನು ಲ್ಯಾಬಿಗೆ ಬರುತ್ತಿದ್ದದ್ದು ಟೀ ಕುಡಿಯಲು. ನನ್ನ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿತ್ತು: ಮೊಟ್ಟೆ ತಂದುಕೊಟ್ಟಿದ್ದಕ್ಕೆ.

ಕೇಳಲು ಹೋದೆ. "ನಿಂಗಿನ್ನೂ ವಯಸ್ಸಿದೆಯಮ್ಮ. ಥೀಸಿಸ್‌ಗೆ ನನ್ ಸಹಿ ಬೇಕಲ್ವಾ?" ಎಂದರು.

ಸಹಿ ಬೀಳುವವರೆಗೆ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೂ ಸಿಟ್ಟು ಆರಲಿಲ್ಲ. ಆರಲು ನಾನು ಬಿಡಲಿಲ್ಲ.

ಅಷ್ಟರಲ್ಲಿ ಇಂದಿರಾನಗರದಲ್ಲಿ ಷಟಲ್ ಆಡುತ್ತಾ ಅವರ ಹಿಮ್ಮಡಿಯ ಹುರಿ ಹರಿಯಿತು. ಸುದ್ದಿ ಕೇಳಿ ಮೋಸಂಬಿ ಕೊಂಡೆ. ಬೆನ್ಸನ್ ಟೌನಿನ ನಮ್ಮ ಮನೆಯ ಬಾಗಿಲಲ್ಲಿ ಅಮ್ಮಿ ದಖನಿ ಉರ್ದುವಿನಲ್ಲಿ ಗೊಣಗಿದರು, ಅಂಥವನಿಗೆ ಹಣ್ಣು ಬೇರೆ ಕೇಡು ಎಂದು. ನಾನು ಹಣ್ಣಿನ ಚೀಲ ಹಿಡಿದು ಹೊರಟೆ.

ಗೈಡ್ ಸೋಫಾದಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟಿದ್ದರು. ಅಳಿಯ ಪಕ್ಕದಲ್ಲಿ ಫೋನ್ ನೋಡುತ್ತಿದ್ದ. ಗೈಡ್ ಅವರ ಹೆಂಡತಿ ಕಾಫಿ ತಂದುಕೊಟ್ಟರು.

"ಡಾಕ್ಟ್ರು ನೆಟ್ಟಗೆ ಹೇಳ್ತಿಲ್ಲ. ನೀನಾದ್ರೂ ಹೇಳಮ್ಮ, ಮೊದಲಿನ ಥರ ಆಗುತ್ತಾ?" ಗೈಡ್ ಕೇಳಿದರು.

"ಆಗಲ್ಲ ಸರ್," ಎಂದೆ. "ಕೂಡ್ಕೊಳ್ಳುತ್ತೆ, ನಡೀತೀರ. ಆದ್ರೆ ಹೊಸ ಎಳೆಗಳು ತೆಳ್ಳಗೇ ಉಳ್ಕೊಳ್ಳುತ್ತೆ, ಅಡ್ಡಾದಿಡ್ಡಿ ಬೆಳೆಯುತ್ತೆ. ಮೊಟ್ಟೆಯೊಳಗೆ ಆಗೋ ಹಾಗೆ ಇನ್ನೊಂದ್ಸಲ ಆಗಲ್ಲ."

"ಯಾಕೆ?" ಹೆಂಡತಿ ಕೇಳಿದರು.

"ಸರ್ರೇ ಹೇಳ್ಬೇಕು ಆಂಟಿ. ಎಳೆ ದಪ್ಪ ಆಗೋದರ ಬಗ್ಗೆ ಬರೆದಿರೋರು ಅವರಲ್ವಾ? ಯಾವ ಜೀನ್ ಇಳಿಯುತ್ತೆ, ಸರ್?"

ಅವರು ಕಾಲನ್ನೇ ನೋಡಿದರು. "ಕೊಲಾಜನ್‌ದೇ ಅಲ್ವಾ?"

"ಅಲ್ಲ." ಅಳಿಯನತ್ತ ತಿರುಗಿದೆ. "ನೀವು ಹೇಳಿ."

ಕಾಲ್ ಬಂತೆಂದು ಅವನು ಒಳಗೆ ಹೋದ. ಫೋನ್ ರಿಂಗಾಗಿರಲಿಲ್ಲ. ಹೆಂಡತಿ ಗಂಡನ ಮುಖ ನೋಡುತ್ತಲೇ ನಿಂತರು. ನಾನು ಯಾರಿಗೂ ನೆರವಾಗದೆ ಕಾಫಿಯನ್ನು ನಿಧಾನವಾಗಿ ತಳದವರೆಗೂ ಕುಡಿದೆ.

"ಹೆಸರು ಸರಿ ಮಾಡಿಸ್ತೀನಿ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

"ನಿಮಗ್ಯಾಕೆ ಸರ್ ತೊಂದರೆ. ಲ್ಯಾಬಲ್ಲಿ ನಾನು ತೆಗೆದ ಎಳೆಗಳ ಫೋಟೋಗಳನ್ನೆಲ್ಲ, ತಾರೀಖಿನ ಸಮೇತ, ಪ್ರಬಂಧ ಅಚ್ಚು ಹಾಕಿದ ಜರ್ನಲ್‌ನವರಿಗೆ ಬೆಳಿಗ್ಗೇನೇ ಕಳಿಸ್ಬಿಟ್ಟೆ."

ವಿಚಾರಣೆ ಎಳೆದಾಡಿತು. ಕೊನೆಗೆ ಜರ್ನಲ್ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಮುಂದೆ ಇನ್ನೊಂದು ಲ್ಯಾಬಿನಿಂದ ಅದೇ ಕೆಲಸವನ್ನು ನನ್ನ ಹೆಸರಲ್ಲಿ ಪ್ರಕಟಿಸಿದೆ.

ಈಗ ಅವರು ಹಲಸೂರು ಕೆರೆಯ ಬಳಿ ವಾಕ್ ಮಾಡುವುದು ಕಾಣುತ್ತದೆ. ಒಂದು ಕಾಲನ್ನು ತುಸು ಎಳೆಯುತ್ತಾರೆ. ಮರುಕಪಡಬೇಕೆಂದು ಗೆಳತಿಯರು ಹೇಳುತ್ತಾರೆ. ನಾನು ಗಾಡಿ ನಿಧಾನ ಮಾಡಿ, ಕಣ್ತುಂಬ ನೋಡಿಯೇ ಮುಂದಕ್ಕೆ ಹೋಗುತ್ತೇನೆ.